ಕೌದಿಯ ಮೇಲೊಂದು ಫೋನು

(ಸ್ವಂತ ಹರಟೆ ಕಾರ್ಯಕ್ರಮ ಶುರು ಮಾಡಬೇಕೆಂದಿರುವ ಯುವಕ-ಯುವತಿಯರ ಮುಂದೆ ಕೊಪ್ಪಳದಲ್ಲಿ ಆಡಿದ ಮಾತಿನ ಬರಹ ರೂಪ)

ಮೊದಲು ನಿಮಗೆ ನಮ್ಮ ಕೋಣೆ ತೋರಿಸುತ್ತೇನೆ. ಮನೆಯ ಹಿಂಭಾಗದಲ್ಲಿ ಜೋಳದ ಚೀಲ ಇಡುವ ಕೋಣೆ ಅದು. ಗೋಡೆಗೆ ಮೊಳೆ ಹೊಡೆದು ನಮ್ಮತ್ತೆ ಹೊಲಿದ ಕೌದಿಗಳನ್ನು ಇಳಿಬಿಟ್ಟಿದ್ದೇವೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಹೊಲಿಗೆ ಹಾಕಿದ ಕೌದಿ ಇದ್ದರೆ ಗೋಡೆಗೆ ಬಡಿದ ದನಿ ವಾಪಸ್ ಬರುವುದಿಲ್ಲ. ನಡುವೆ ಒಂದು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಮತ್ತೊಂದು ಕೌದಿ ಮಡಿಚಿಟ್ಟು, ಅದರ ಮೇಲೆ ಫೋನು. ಸುತ್ತ ಮೂವರು. ಫ್ಯಾನ್ ಬಂದ್. ಮೇ ತಿಂಗಳ ಕೊಪ್ಪಳದ ಬಿಸಿಲಿನಲ್ಲಿ, ಕೌದಿ ಕಟ್ಟಿದ ಕೋಣೆಯಲ್ಲಿ, ಫ್ಯಾನ್ ಇಲ್ಲದೆ ಅರ್ಧ ತಾಸು ಕೂರಬೇಕೆಂದರೆ ಎದುರಿಗಿರುವವರ ಮೇಲೆ ಪ್ರೀತಿ ಇರಲೇಬೇಕು. ನಿಮಗೆ ಮೈಕು ಕೊಳ್ಳಲು ದುಡ್ಡಿಲ್ಲದಿದ್ದರೆ ಚಿಂತೆ ಬೇಡ. ಒಟ್ಟಿಗೆ ಕೂರುವ ಜನ ಯಾರು ಅನ್ನುವುದನ್ನು ಮಾತ್ರ ಸರಿಯಾಗಿ ನೋಡಿಕೊಳ್ಳಿ.

ನಾವು ಶುರು ಮಾಡಿದ್ದು 2020ರ ಲಾಕ್‌ಡೌನ್ ಹೊತ್ತಿನಲ್ಲಿ. ನಾನು ಪ್ರೈಮರಿ ಶಾಲೆ ಶಿಕ್ಷಕಿ. ಶಾಲೆ ಮುಚ್ಚಿತ್ತು. ಓಣಿಯಲ್ಲಿ ಎರಡು ಮನೆ ಆಚೆ ಒಬ್ಬ ಅಕ್ಕಾರು ಇದ್ದಾರೆ. ಬಳ್ಳಾರಿಯವರು, ನರ್ಸ್ ಆಗಿ ನಿವೃತ್ತರಾದವರು. ಮೂರನೆಯವನು ಗಂಗಾವತಿ ಕಡೆಯ ಹುಡುಗ, ಇಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನಪ್ಪ ಭತ್ತ ಬೆಳೆಯುವ ರೈತ. ನಾನು ಅವನನ್ನು ತಮ್ಮಾ ಅನ್ನುತ್ತೇನೆ, ಅವನು ನನ್ನನ್ನು ಟೀಚರ್ರ ಅನ್ನುತ್ತಾನೆ, ಅಕ್ಕಾರನ್ನು ನಾವಿಬ್ಬರೂ ಅಕ್ಕಾರ ಎಂದೇ ಕರೆಯುತ್ತೇವೆ. ವಾರಕ್ಕೊಮ್ಮೆ ಅರ್ಧ ತಾಸು ಮಾತಾಡಿ ವಾಟ್ಸ್ಯಾಪಿನಲ್ಲಿ ಹಾಕುತ್ತಿದ್ದೆವು. ಆಮೇಲೆ ಯೂಟ್ಯೂಬಿಗೂ ಹಾಕಿದೆವು. ಸಿನಿಮಾ, ಮಕ್ಕಳು, ಊರಿನ ಸುದ್ದಿ, ಇವೇ ವಿಷಯ. ಒಂದರಿಂದ ಇನ್ನೊಂದಕ್ಕೆ ಮಾತು ತಾನೇ ದಾಟಿಕೊಂಡು ಹೋಗುತ್ತದೆ.

ನಮ್ಮ ಕಡೆ ಹರಟೆ ಅಂದರೆ ಕೆಲಸವಿಲ್ಲದವರ ಮಾತು ಅಂತ ತಿಳಿಯುವವರಿದ್ದಾರೆ. ನಮ್ಮ ಹಿರಿಯರೊಬ್ಬರು ನನಗೂ ಹೇಳಿದ್ದರು, "ಸಾಲಿ ಕಲಿಸೋರು ನೀವು, ಹರಟಿ ಹೊಡಕೋತ ಕುಂದ್ರೂದು ಚಂದಲ್ಲ." ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚನೆ ಮಾಡುತ್ತ ಹೋದಂತೆ ನನಗೆ ನೆನಪಾದದ್ದು ಬೀಸುವ ಕಲ್ಲು.

ಬೀಸುವ ಕಲ್ಲನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರೋ ತಿಳಿಯದು. ಎರಡು ಕಲ್ಲು, ಮೇಲಿನದಕ್ಕೆ ಒಂದು ಗೂಟ. ಬೆಳಗಿನ ಜಾವ ಅತ್ತೆ-ಸೊಸೆಯೋ ನೆಗೆಣ್ಣಿಯರೋ ಎದುರುಬದುರು ಕೂತು ಒಂದೇ ಗೂಟವನ್ನು ಇಬ್ಬರೂ ಹಿಡಿಯುತ್ತಿದ್ದರು. ಒಬ್ಬಳು ತನ್ನ ಕಡೆ ಎಳೆದಾಗ ಇನ್ನೊಬ್ಬಳು ಬಿಟ್ಟುಕೊಡಬೇಕು. ಇಬ್ಬರೂ ಒಟ್ಟಿಗೆ ಎಳೆದರೆ ಕಲ್ಲು ನಿಲ್ಲುತ್ತದೆ, ಇಬ್ಬರೂ ಬಿಟ್ಟರೂ ನಿಲ್ಲುತ್ತದೆ. ಒಬ್ಬಳ ಇನ್ನೊಂದು ಕೈ ಆಗಾಗ ಕಲ್ಲಿನ ಬಾಯಿಗೆ ಒಂದು ಮುಕ್ಕು ಜೋಳ ಹಾಕುತ್ತಿರಬೇಕು. ಮುಕ್ಕು ಹೆಚ್ಚಾದರೆ ಹಿಟ್ಟು ತರಿ, ಕಡಿಮೆಯಾದರೆ ಕಲ್ಲಿಗೆ ಕಲ್ಲೇ ತಿಕ್ಕಿ ಹಿಟ್ಟಿನಲ್ಲಿ ಕಲ್ಲುಪುಡಿ. ಒಬ್ಬಳು ಹಾಡಿನ ಒಂದು ಸಾಲು ಎತ್ತಿದರೆ ಇನ್ನೊಬ್ಬಳು ಮುಂದಿನದನ್ನು ಹಿಡಿಯುತ್ತಿದ್ದಳು. ಆ ಹಾಡಿನಲ್ಲಿ ತವರಿತ್ತು, ಮಕ್ಕಳಿದ್ದರು, ಊರಿನ ದೇವರಿತ್ತು, ಮಳೆ ಬಾರದ ವರ್ಷವೂ ಇತ್ತು. ಸೂರ್ಯ ಹುಟ್ಟುವ ಹೊತ್ತಿಗೆ ರೊಟ್ಟಿಗೆ ಹಿಟ್ಟು ಸಿದ್ಧ. ಇಷ್ಟು ಕೆಲಸ ಮಾಡಿಸಿದ ಮಾತನ್ನು ಕೆಲಸವಿಲ್ಲದವರ ಮಾತು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಬ್ಬರೋ ಮೂವರೋ ಸೇರಿ ನಡೆಸುವ ಕಾರ್ಯಕ್ರಮದ ಗುಟ್ಟು ಆ ಗೂಟದಲ್ಲೇ ಇದೆ. ಮೊದಮೊದಲು ನಮ್ಮ ರೆಕಾರ್ಡಿಂಗುಗಳಲ್ಲಿ ಮೂವರೂ ಒಟ್ಟಿಗೆ ಎಳೆಯುತ್ತಿದ್ದೆವು. ಎದುರಿಗೆ ಕೂತವರಿಗೆ ಅದು ತೊಂದರೆಯಲ್ಲ. ಮುಖ ಕಾಣುತ್ತದೆ, ತುಟಿ ಕಾಣುತ್ತದೆ, ಮೂರು ದನಿಯಲ್ಲಿ ತನಗೆ ಬೇಕಾದ್ದನ್ನು ಕಿವಿ ಆರಿಸಿಕೊಳ್ಳುತ್ತದೆ. ಫೋನಿಗೆ ಆ ಬುದ್ಧಿ ಇಲ್ಲ, ಮೂರನ್ನೂ ಕಲಸಿ ಒಂದೇ ಗದ್ದಲ ಮಾಡಿಡುತ್ತದೆ. ಅದನ್ನು ಕೇಳುವವಳು ಎಲ್ಲಿರುತ್ತಾಳೆ? ಅಡಿಗೆಮನೆಯಲ್ಲಿ, ಒಂದು ಕಡೆ ಕುಕ್ಕರ್ ಸೀಟಿ, ಇನ್ನೊಂದು ಕಡೆ ರೊಟ್ಟಿ ಬಡಿಯುವ ಸದ್ದು. ಅವಳಿಗೆ ನಮ್ಮ ಗದ್ದಲದಲ್ಲಿ ಒಂದು ಅಕ್ಷರವೂ ತಿಳಿಯುವುದಿಲ್ಲ. ಈಗ ನಮ್ಮಲ್ಲಿ ಒಂದು ಪದ್ಧತಿ ಇದೆ. ಮಾತು ಬೇಕಾದವರು ಬಾಯಿ ತೆರೆಯುವ ಮೊದಲು ಕೌದಿಯ ಅಂಚನ್ನು ಮುಟ್ಟುತ್ತಾರೆ. ಮಾತಾಡುತ್ತಿರುವವರು ವಾಕ್ಯ ಮುಗಿಸಿ ಬಿಟ್ಟುಕೊಡುತ್ತಾರೆ. ನಗು ಬಂದರೆ ಮಾತ್ರ ಮೂವರೂ ಒಟ್ಟಿಗೆ. ನಗು ಕಲಸಿದರೂ ಕೇಳಲು ಚಂದ.

ಇನ್ನೊಂದು ಹಳೆಯ ಮಾದರಿ ನಮ್ಮ ಕಣ್ಣೆದುರಿಗೇ ಇದೆ, ದೊಡ್ಡಾಟದ ಸಾರಥಿ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಯಲ್ಲಿ ಬಯಲಾಟ ಆಡುವ ಊರುಗಳಿವೆ. ಪಾತ್ರಧಾರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕುಣಿಯುತ್ತ ರಂಗಕ್ಕೆ ಬರುತ್ತಾನೆ. ಬಂದ ಕೂಡಲೇ ಕಥೆ ಶುರುವಾಗುವುದಿಲ್ಲ. ಸಾರಥಿ ಎದುರು ನಿಂತು ತಾವು ಯಾರು, ತಮ್ಮ ಹೆಸರೇನು, ಸ್ಥಳ ಯಾವುದು, ಬಂದ ಕಾರಣವೇನು ಅಂತ ಒಂದೊಂದಾಗಿ ಕೇಳುತ್ತಾನೆ. ರಾಜ "ಎಲೈ ಸಾರಥಿ" ಎಂದು ಗ್ರಂಥದ ಭಾಷೆಯಲ್ಲಿ ಉತ್ತರ ಹೇಳಿದರೆ ಸಾರಥಿ ಅದನ್ನು ಊರ ಭಾಷೆಗೆ ಇಳಿಸಿ, ನಡುವೆ ಒಂದು ಚಟಾಕಿ ಹಾರಿಸಿ, ಮತ್ತೆ ಕಥೆಯ ದಾರಿಗೆ ತರುತ್ತಾನೆ. ಅವನು ಕೇಳುವುದೆಲ್ಲ ಮುಂದೆ ಕೂತವರ ಪರವಾಗಿ. ಬಂದವನು ದುರ್ಯೋಧನ ಅಂತ ಸಾರಥಿಗೆ ಗೊತ್ತಿಲ್ಲವೇ? ಗೊತ್ತು. ಆದರೆ ಹಿಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತ ಹುಡುಗನಿಗೆ ಗೊತ್ತಿಲ್ಲ.

ನಿಮ್ಮ ಕಾರ್ಯಕ್ರಮದಲ್ಲಿ ಯಾರಾದರೂ ಒಬ್ಬರು ಸಾರಥಿ ಆಗಲೇಬೇಕು. ಇಬ್ಬರೂ ರಾಜರಾದರೆ ಆಟ ನಡೆಯುವುದಿಲ್ಲ. ಗೆಳೆಯರಿಬ್ಬರು ಕೂತಾಗ ಅರ್ಧ ಮಾತು ಕಣ್ಣಿನಲ್ಲೇ ಮುಗಿದು ಹೋಗುತ್ತದೆ. "ಅವತ್ತ ಆತಲ್ಲ, ಹಂಗ" ಅಂತ ಒಬ್ಬ ಅನ್ನುತ್ತಾನೆ, ಇನ್ನೊಬ್ಬ ಬಿದ್ದು ಬಿದ್ದು ನಗುತ್ತಾನೆ, ಕೇಳುವವರು ಬಾಗಿಲ ಹೊರಗೇ ಉಳಿಯುತ್ತಾರೆ. ನಮ್ಮಲ್ಲಿ ಹೊಸ ಸಿನಿಮಾದ ಮಾತನ್ನು ತಮ್ಮ ತೆಗೆದರೆ ಅಕ್ಕಾರು ಸಾರಥಿ. "ತಡಿ, ಆ ಹೀರೋ ಯಾರ ಮಗ? ಕಥಿ ಎಲ್ಲಿ ನಡೀತೈತಿ?" ಅಂತ ಕೇಳುತ್ತಾರೆ. ಅಕ್ಕಾರು ಆಸ್ಪತ್ರೆಯ ಮಾತು ತೆಗೆದರೆ ನಾನು ಸಾರಥಿ.

ತೊಗಲುಗೊಂಬೆ ಆಟದಲ್ಲಿ ಇದೇ ಕೆಲಸವನ್ನು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಮಾಡುತ್ತಾರೆ. ಪರದೆಯ ಮೇಲೆ ರಾಮಾಯಣ ನಡೆಯುತ್ತಿರುತ್ತದೆ. ಒಮ್ಮೆಲೆ ಈ ಗಂಡ-ಹೆಂಡತಿ ಬಂದು ಜಗಳ ತೆಗೆಯುತ್ತಾರೆ. ಊರಿನ ಸಂಗತಿಯೆಲ್ಲ ಅವರ ಬಾಯಲ್ಲಿ ಬರುತ್ತದೆ. ಊರ ಗೌಡರ ಮುಂದೆ ಬಾಯಿಬಿಟ್ಟು ಹೇಳಲಾಗದ ಮಾತನ್ನೂ ತೊಗಲಿನ ಗೊಂಬೆ ಹೇಳುತ್ತದೆ, ಎಲ್ಲರೂ ನಗುತ್ತಾರೆ, ಮತ್ತೆ ರಾಮಾಯಣ ಮುಂದುವರಿಯುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಜೀವ. ಆ ಸುದ್ದಿ ಬಂದ ವಾರ ನಾವು ಬೇರೆ ಮಾತೇ ಆಡಲಿಲ್ಲ. ಅಕ್ಕಾರು ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಗೊಂಬೆಯಾಟ ನೋಡಿದ್ದನ್ನು ನೆನೆದರು. ವೀರಣ್ಣನವರು ರಾಮಾಯಣಕ್ಕೇ ನಿಲ್ಲದೆ ಸ್ವಾತಂತ್ರ್ಯ ಹೋರಾಟದ ಕಥೆಗೂ ಗೊಂಬೆ ಕಟ್ಟಿದವರು. ಪರದೆಯ ಮೇಲೆ ಗಾಂಧೀಜಿ ಕೋಲೂರಿ ನಡೆದು ಬರುವಾಗ ಕೂತವರೆಲ್ಲ ಸುಮ್ಮನಾದರು ಅಂತ ಹೇಳುತ್ತ ಅಕ್ಕಾರೂ ಸ್ವಲ್ಪ ಹೊತ್ತು ಸುಮ್ಮನಾದರು. ತಮ್ಮ ಆ ಮೌನವನ್ನು ಎಡಿಟ್ ಮಾಡುವಾಗ ಕತ್ತರಿಸದೆ ಬಿಟ್ಟ. ಒಳ್ಳೆಯದು ಮಾಡಿದ.

ಅಕ್ಕಾರ ಬಳ್ಳಾರಿಯ ಮಾತು ಬಂತಲ್ಲ, ಭಾಷೆಯ ಬಗ್ಗೆ ಒಂದು ಹೇಳಿಬಿಡುತ್ತೇನೆ. ಬಳ್ಳಾರಿ 1953ರ ಅಕ್ಟೋಬರ್ ತನಕ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿದ್ದವು. ಅದಕ್ಕೇ ಅಕ್ಕಾರ ಮಾತಿನಲ್ಲಿ ತೆಲುಗು ಸಲೀಸಾಗಿ ಬೆರೆತುಕೊಂಡಿದೆ, ನಮ್ಮ ಮಾತಿನಲ್ಲಿ ಕಚೇರಿಗೆ ಸಂಬಂಧಪಟ್ಟದ್ದೆಲ್ಲ ಉರ್ದು. ಬಳ್ಳಾರಿ ರಾಘವ ಅವರು ಕನ್ನಡದಲ್ಲೂ ತೆಲುಗಿನಲ್ಲೂ ನಾಟಕವಾಡಿ ಹೆಸರಾದವರು. ಆ ಊರಿಗೆ ಎರಡು ಭಾಷೆಯ ಸಿನಿಮಾ ನೋಡುವುದು ಹೊಸದೇನಲ್ಲ. ಶುರುವಿನಲ್ಲಿ ನಾವು ರೇಡಿಯೋದವರ ಹಾಗೆ ಪುಸ್ತಕದ ಕನ್ನಡ ಮಾತಾಡಲು ಹೋದೆವು. ಮೂರನೇ ವಾರ ಅಕ್ಕಾರು ಫೋನ್ ಬಂದ್ ಮಾಡಿ, "ಇದು ನಾವಲ್ಲವಾ, ಬ್ಯಾರೆ ಯಾರೋ ಕುಂತಾರ" ಅಂದರು. ಅಂದಿನಿಂದ ನಮ್ಮ ನಮ್ಮ ಮಾತೇ. ಮೈಸೂರಿನ ಕಡೆಯ ಒಬ್ಬ ತಾಯಿ ನಮಗೆ ಕಳಿಸಿದ ಸಂದೇಶದಲ್ಲಿ "ಎರಡು ವಾರ ಅರ್ಥವಾಗಲಿಲ್ಲ, ಮೂರನೇ ವಾರದಿಂದ ನಮ್ಮ ಮನೆಯವರ ಹಾಗೆ ಕೇಳಿಸುತ್ತೀರಿ" ಎಂದು ಬರೆದಿದ್ದರು. ನಿಮ್ಮ ಊರಿನ ಮಾತು ನಿಮ್ಮ ಕಾರ್ಯಕ್ರಮಕ್ಕೆ ಅಡ್ಡಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸಿನಿಮಾ ಮಾತು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್ ಹೋದ ದಿನ. ನಮ್ಮ ಕಡೆ ಅಪ್ಪು ಅಂದರೆ ಎಷ್ಟು ಪ್ರಾಣ ಅಂತ ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಪಕ್ಕದ ಹೊಸಪೇಟೆಯಲ್ಲಿ ಮರುವರ್ಷವೇ ಅವರ ಪ್ರತಿಮೆ ನಿಂತಿತು. ಮುಂದಿನ ವಾರ ನಾವು ಮೂವರೂ ಕೂತೆವು, ಯಾರಿಗೂ ಮಾತು ಬರಲಿಲ್ಲ. ತಮ್ಮ ತನ್ನ ಅಂಗಡಿಗೆ ಫೋನ್ ರಿಪೇರಿಗೆ ತಂದವರೆಲ್ಲ ಒಂದೇ ಮಾತು ಹೇಳಿದ್ದನ್ನು ಹೇಳಿದ: "ಅದರಾಗ ಅಪ್ಪು ಫೋಟೋ ಅದಾವ, ಅವು ಹೋಗಬಾರದು." ಆಗ ಅಕ್ಕಾರು ನಿಧಾನಕ್ಕೆ ಮಾತು ತೆಗೆದರು. ಅಪ್ಪು ಕಣ್ಣು ದಾನ ಮಾಡಿದ್ದರು, ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಕೊಡುತ್ತಾರೆ ಅಂತ ಸುದ್ದಿ ಬಂದಿತ್ತು. ತಮ್ಮ ಕೇಳಿದ, "ಎರಡು ಕಣ್ಣು, ನಾಕ ಮಂದಿಗೆ ಹ್ಯಾಂಗ್ರೀ ಅಕ್ಕಾರ?"

ಅಕ್ಕಾರು ಬಿಡಿಸಿ ಹೇಳಿದರು. ಇಡೀ ಕಣ್ಣನ್ನು ಇನ್ನೊಬ್ಬರಿಗೆ ಕೂರಿಸುವುದಿಲ್ಲ. ಕಣ್ಣಿನ ಮುಂದಿರುವ ಗಾಜಿನಂಥ ತೆಳು ಪದರ, ಕಾರ್ನಿಯಾ, ಅದನ್ನು ಮಾತ್ರ ಬಳಸುತ್ತಾರೆ. ಆ ಕಾರ್ನಿಯಾದಲ್ಲೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಬಹುದು. ಒಬ್ಬರಿಗೆ ಮುಂದಿನದು ಕೆಟ್ಟಿರುತ್ತದೆ, ಇನ್ನೊಬ್ಬರಿಗೆ ಹಿಂದಿನದು. ಹೀಗೆ ಒಂದು ಕಣ್ಣು ಇಬ್ಬರಿಗೆ. ಜೀವ ಹೋದ ಆರು ತಾಸಿನೊಳಗೆ ತೆಗೆಯಬೇಕು. ಅಲ್ಲಿಯವರೆಗೆ ಮನೆಯವರು ಮಾಡಬೇಕಾದ್ದು ಇಷ್ಟೇ: ರೆಪ್ಪೆ ಮುಚ್ಚಬೇಕು, ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರಿಸಬೇಕು, ಫ್ಯಾನ್ ಬಂದ್ ಮಾಡಬೇಕು. ಗಾಳಿ ಬಡಿದರೆ ಕಣ್ಣು ಒಣಗುತ್ತದೆ. ಕನ್ನಡಕ ಹಾಕುವವರೂ ಕೊಡಬಹುದು, ಪೊರೆ ಆಪರೇಷನ್ ಆದವರೂ ಕೊಡಬಹುದು.

ಇದನ್ನು ಭಾಷಣ ಅಂತ ಇಟ್ಟಿದ್ದರೆ ನಮ್ಮ ಓಣಿಯವರು ಯಾರೂ ಕೇಳುತ್ತಿರಲಿಲ್ಲ. ತಮ್ಮನಿಗೆ ನಿಜವಾಗಿ ತಿಳಿಯಬೇಕಿತ್ತು, ಅಕ್ಕಾರಿಗೆ ನಿಜವಾಗಿ ಗೊತ್ತಿತ್ತು, ನಡುವೆ ಒಬ್ಬ ಪ್ರೀತಿಯ ನಟನ ಸಾವಿತ್ತು. ಮರುವಾರ ಒಂದು ಹಳ್ಳಿಯ ಹುಡುಗ ಫೋನ್ ಮಾಡಿ, ನಮ್ಮ ಅಜ್ಜಗ ಪೊರೆ ಆಪರೇಷನ್ ಆಗೇತಿ, ಅವ್ರು ಬರಕೊಡಾಕ ತಯಾರದಾರ, ಎಲ್ಲಿ ಹೋಗಬೇಕು ಅಂತ ಕೇಳಿದ. ಅಕ್ಕಾರು ಅರ್ಧ ತಾಸು ಅವನ ಜೊತೆ ಮಾತಾಡಿದರು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಇದರ ಮೂಲವೂ ಅದೇ ದಿನಗಳಲ್ಲಿದೆ.

ಅಪ್ಪು ಹೋದಾಗ ನನ್ನ ಮಗಳು ನಾಲ್ಕನೇ ತರಗತಿ. ಕೊರೊನಾದಿಂದ ಮುಚ್ಚಿದ್ದ ಚಿಕ್ಕ ಮಕ್ಕಳ ಶಾಲೆಗಳು ಅದೇ ಅಕ್ಟೋಬರ್ 25ಕ್ಕೆ ತೆರೆದಿದ್ದವು. ಐದು ದಿನ ಖುಷಿಯಿಂದ ಹೋಗಿ ಬಂದವಳು ಶುಕ್ರವಾರ ಸಂಜೆ ಮೂಲೆ ಹಿಡಿದಳು. ಊಟ ಬೇಡ ಅಂದಳು. ಟಿವಿ ಹಚ್ಚಿದರೆ ಅಳು, ಬಂದ್ ಮಾಡಿದರೆ ಹೆಚ್ಚು ಅಳು. ತನ್ನ ಚಿತ್ರದ ಪುಸ್ತಕದಲ್ಲಿ ಅಪ್ಪುವಿನ ಮುಖ ಬರೆದು, ಅದರ ಕೆಳಗೆ ತನ್ನ ಪೆನ್ಸಿಲ್ ಡಬ್ಬಿ ಇಟ್ಟು, ಡಬ್ಬಿಯಲ್ಲಿ ಎರಡು ಸೇವಂತಿಗೆ ಹೂವು ಇಟ್ಟಿದ್ದಳು. ಆ ಹೂವು ಒಣಗಿದರೂ ತೆಗೆಯಗೊಡಲಿಲ್ಲ.

ಎರಡು ವರ್ಷದ ನಂತರ, 2023ರಲ್ಲಿ, ಒಂದು ವಾರ ನಮ್ಮ ಮಾತು ಮಕ್ಕಳು ಮತ್ತು ಸಿನಿಮಾ ಹೀರೋಗಳ ಮೇಲೆ ಬಂತು. ತಮ್ಮ ತನ್ನ ಅಣ್ಣನ ಮಗನ ಸಂಗತಿ ಹೇಳಿದ, ನಗೆ ಬಂತು. ಆ ನಗೆಯ ಹುರುಪಿನಲ್ಲಿ ನಾನು ಮಗಳ ಕಥೆ ಹೇಳಿದೆ. ನಾಲ್ಕು ದಿನ ಊಟ ಬಿಟ್ಟಿದ್ದಳು ಅಂದೆ. ಪೆನ್ಸಿಲ್ ಡಬ್ಬಿಯ ಮಾತನ್ನೂ ಹೇಳಿದೆ. ಅವಳು ಅಳುತ್ತ ಹೇಗೆ ಮಾತಾಡುತ್ತಿದ್ದಳು ಅಂತ ದನಿ ತೆಗೆದು ತೋರಿಸಿದೆ. ಮೂವರೂ ನಕ್ಕೆವು. ಪ್ರೀತಿಯಿಂದಲೇ ನಕ್ಕೆವು ಅಂತ ನನಗೆ ಆಗ ಅನ್ನಿಸಿತ್ತು.

ಆರನೇ ತರಗತಿಯ ಹುಡುಗಿ ಅವಳು ಆಗ. ಅವಳ ಗೆಳತಿಯರ ತಾಯಂದಿರು ನಮ್ಮ ಕಾರ್ಯಕ್ರಮ ಕೇಳುತ್ತಾರೆ ಅನ್ನುವುದು ನನಗೆ ಹೆಮ್ಮೆಯ ಸಂಗತಿಯಾಗಿತ್ತು. ಮೂರು ದಿನಕ್ಕೆ ತರಗತಿಯಲ್ಲಿ ಅವಳಿಗೆ ಪೆನ್ಸಿಲ್ ಡಬ್ಬಿ ಅಂತ ಹೆಸರು ಬಿತ್ತು. ಅವಳು ನನಗೆ ಹೇಳಲಿಲ್ಲ. ಶಾಲೆಯಿಂದ ಬಂದು ಚೀಲ ಇಟ್ಟು ಸುಮ್ಮನೆ ಅಜ್ಜಿಯ ಹತ್ತಿರ ಮಲಗುತ್ತಿದ್ದಳು. ಒಂದು ರಾತ್ರಿ ನಾನು ಒತ್ತಾಯ ಮಾಡಿದಾಗ ಕೇಳಿದಳು, "ಯವ್ವಾ, ಅದು ನಂದಿತ್ತಲ್ಲ. ನೀ ಯಾಕ ಕೊಟ್ಟಿ?"

ಹೇಳಿದಿ ಅನ್ನಲಿಲ್ಲ, ಕೊಟ್ಟಿ ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೂವಿಟ್ಟ ಡಬ್ಬಿ ಅವಳ ಆಸ್ತಿ. ನಾನು ಅದನ್ನು ನನ್ನದು ಅಂದುಕೊಂಡು ಊರಿಗೆ ಹಂಚಿದ್ದೆ. ಒಬ್ಬರಿಗೊಬ್ಬರು ಛೇಡಿಸುವುದು ಹರಟೆಯ ಜೀವ, ಅದಿಲ್ಲದೆ ಮಾತು ಸಪ್ಪೆ. ಅಕ್ಕಾರು ನನ್ನ ಸಾರಿನ ಉಪ್ಪಿನ ಬಗ್ಗೆ ಛೇಡಿಸಿದರೆ ನಾನು ಅಲ್ಲೇ ಕೂತಿರುತ್ತೇನೆ, ತಿರುಗಿಸಿ ಒಂದು ಮಾತು ಕೊಡುತ್ತೇನೆ. ಕಲ್ಲಿನ ಗೂಟಕ್ಕೆ ನನ್ನ ಕೈಯೂ ಇದೆ. ಮಗಳ ಕೈ ಆ ಗೂಟದ ಮೇಲೆ ಇರಲಿಲ್ಲ. ಅವಳನ್ನು ನಾವು ಮುಕ್ಕು ಮಾಡಿ ಕಲ್ಲಿನ ಬಾಯಿಗೆ ಹಾಕಿದ್ದೆವು.

ಬೆಳಿಗ್ಗೆ ಎದ್ದು ಆ ಕಂತನ್ನು ತೆಗೆಸಿಹಾಕಿದೆ. ಆದರೆ ತಮ್ಮ ಒಂದು ಮಾತು ಹೇಳಿದ: ನಮ್ಮ ಕಡೆಯಿಂದ ಅಳಿಸಬಹುದು, ಯಾರ್ಯಾರ ಫೋನಿಗೆ ಇಳಿದಿದೆಯೋ ಅಲ್ಲಿ ಉಳಿಯುತ್ತದೆ. ಮುಂದಿನ ವಾರದ ಕಾರ್ಯಕ್ರಮದಲ್ಲಿ ನಾನು ಮಗಳ ಕ್ಷಮೆ ಕೇಳಬೇಕು ಅಂತಿದ್ದೆ. ಅಕ್ಕಾರು ತಡೆದರು. "ಮತ್ತ ಅದನ್ನ ಊರ ಮುಂದ ತರ್ತೀಯೇನು? ಮನಿಯಾಗ ಕೇಳು." ಮನೆಯಲ್ಲೇ ಕೇಳಿದೆ. ಅವಳು ಮಾತಾಡಲು ಇನ್ನೂ ಎಂಟು ದಿನ ಹಿಡಿಯಿತು.

ಅಲ್ಲಿಂದ ನಮ್ಮಲ್ಲಿ ಒಂದು ನೋಟ್‌ಬುಕ್ ಇದೆ. ನಮ್ಮ ಮನೆಯ ಮಕ್ಕಳ ಸಂಗತಿ ಏನೇ ಹೇಳಬೇಕಾದರೂ ಮೊದಲು ಅದರಲ್ಲಿ ಬರೆದು ಆ ಮಗುವಿಗೆ ತೋರಿಸಬೇಕು. ಓದಲು ಬಾರದ ಮಗುವಾದರೆ ಅದರ ಸಂಗತಿ ಹೇಳುವುದೇ ಇಲ್ಲ. ತಮ್ಮನ ಅಣ್ಣನ ಮಗ ಎರಡು ಸಂಗತಿಗೆ ಹೂಂ ಅಂದು ಒಂದಕ್ಕೆ ಉಹುಂ ಅಂದ. ಆ ಒಂದೇ ನಗು ತರಿಸುವಂಥದ್ದು ಅಂತ ತಮ್ಮನಿಗೆ ಬೇಜಾರು. ಆದರೂ ಬಿಟ್ಟೆವು. ಮಕ್ಕಳನ್ನು ಬೆಳೆಸುವ ಮಾತಾಡುವವರು ನಮ್ಮಲ್ಲಿ ಬಹಳ ಇದ್ದಾರೆ, ಫೋನ್ ಎಷ್ಟು ತಾಸು ಕೊಡಬೇಕು, ಟ್ಯೂಷನ್ ಬೇಕೋ ಬೇಡವೋ ಅಂತ. ಮಗುವಿನ ಸಂಗತಿ ಮಗುವಿಗೆ ಸೇರಿದ್ದು ಅನ್ನುವ ಮಾತು ಅಲ್ಲಿ ಕಡಿಮೆ ಕೇಳಿಸುತ್ತದೆ. ಹತ್ತನೇ ತರಗತಿ ಫಲಿತಾಂಶ ಬಂದ ದಿನ ಓಣಿಯ ಕಟ್ಟೆಯ ಮೇಲೆ ಎಲ್ಲರ ಅಂಕ ಎಲ್ಲರ ಬಾಯಲ್ಲಿ ಇರುತ್ತದಲ್ಲ, ಅಲ್ಲಿಂದಲೇ ಇದು ಶುರು. ನಾವು ಈಗ ಫಲಿತಾಂಶದ ವಾರ ಯಾವ ಮಗುವಿನ ಅಂಕವನ್ನೂ ಹೇಳುವುದಿಲ್ಲ, ನೂರಕ್ಕೆ ನೂರು ಬಂದಿದ್ದರೂ.

ಊರಿನ ಸುದ್ದಿ ಮಾತಾಡುವುದರ ಬಗ್ಗೆ ನಿಮ್ಮಲ್ಲಿ ಹಲವರು ಚೀಟಿಯಲ್ಲಿ ಕೇಳಿದ್ದೀರಿ. ಖಾಸಗಿ ಎಫ್‌ಎಂ ರೇಡಿಯೋ ಮತ್ತು ಸಮುದಾಯ ರೇಡಿಯೋದವರಿಗೆ ನಮ್ಮ ದೇಶದಲ್ಲಿ ಸ್ವಂತ ಸುದ್ದಿ ಓದುವ ಅವಕಾಶವಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆ ಮರುಪ್ರಸಾರ ಮಾಡಬಹುದು ಅಷ್ಟೇ. ಹವಾಮಾನ, ಪರೀಕ್ಷೆ ಫಲಿತಾಂಶ, ಕರೆಂಟು, ನೀರು, ಜಾತ್ರೆ, ಇಂಥವನ್ನು ಹೇಳಬಹುದು. ನಮ್ಮ ಫೋನಿನ ಹರಟೆಗೆ ಆ ಬೇಲಿ ಇಲ್ಲ. ಬೇಲಿ ಇಲ್ಲದ ಹೊಲದವನು ಹೆಚ್ಚು ಎಚ್ಚರವಿರಬೇಕು.

2024ರ ಆಗಸ್ಟ್ ನೆನಪಿದೆಯಲ್ಲ? ಆಗಸ್ಟ್ 9, ಶುಕ್ರವಾರ ನಾಗರಪಂಚಮಿ. ಭಾನುವಾರದ ಕಾರ್ಯಕ್ರಮಕ್ಕೆ ಪಂಚಮಿಯದೇ ಮಾತು ಅಂತ ನಿಕ್ಕಿಯಾಗಿತ್ತು. ಶೇಂಗಾ ಉಂಡಿ, ಎಳ್ಳುಂಡಿ, ದಾಣಿ ಉಂಡಿಯ ಡಬ್ಬಿ ತುಂಬಿಕೊಂಡು ಅಕ್ಕಾರು ಬರುವವರಿದ್ದರು. ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಕೊಂಡು ಹೋಯಿತು.

ಬೆಳಗಾಗುವಷ್ಟರಲ್ಲಿ ಎಲ್ಲರ ಫೋನಿನಲ್ಲಿ ಡ್ಯಾಂ ಒಡೆಯಿತು ಅನ್ನುವ ದನಿಗಳು ಓಡಾಡುತ್ತಿದ್ದವು. ಬೇರೆ ಯಾವುದೋ ದೇಶದ ಅಣೆಕಟ್ಟು ಕುಸಿಯುವ ವಿಡಿಯೋಗಳನ್ನೂ ನಮ್ಮದೇ ಅಂತ ಕಳಿಸುತ್ತಿದ್ದರು. ತಮ್ಮ ಕೋಣೆಗೆ ಬಂದಾಗ ಅವನ ಮುಖ ಬಿಳಿಚಿತ್ತು. ಅವನಪ್ಪನ ಭತ್ತ ನಾಟಿಯಾಗಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಗೆಲ್ಲ ಎಡದಂಡೆ ಕಾಲುವೆಯ ನೀರೇ ಜೀವ. ಅಕ್ಕಾರು ಉಂಡಿ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಅವತ್ತು ತಮ್ಮನೇ ರಾಜ, ಮೊದಲ ಬಾರಿ ನಾವಿಬ್ಬರೂ ಸಾರಥಿಗಳು. ನಾನು ಕೇಳಿದೆ, "ತಮ್ಮಾ, ಡ್ಯಾಂ ಒಡದೈತೇನು?" ಅವನು ಹೇಳಿದ, ಒಡೆದಿಲ್ಲ, ಒಂದು ಗೇಟು ಹೋಗಿದೆ, ಗೋಡೆ ಗಟ್ಟಿ ಇದೆ. ಉಳಿದ ಗೇಟುಗಳನ್ನು ಯಾಕೆ ತೆರೆದಿದ್ದಾರೆ? ಒಂದೇ ಕಡೆಯ ಒತ್ತಡ ಇಳಿಸಲು. ನೀರು ಹೊಳೆಗೆ ಹೋದರೆ ನಿಮ್ಮಪ್ಪನಿಗೇನು? ಅವನು ಸ್ವಲ್ಪ ತಡೆದು ಹೇಳಿದ, "ಗೇಟ್ ಕುಂದ್ರಸಬೇಕಂದ್ರ ನೀರು ಇಳಿಬೇಕಂತಾರ. ಇಳದರ ನಮ್ಮ ಗದ್ದಿಗೆ ಕಡೀತನ ಸಾಲಂಗಿಲ್ಲ." ಆ ದನಿಯಲ್ಲಿ ಕೂಗಾಟವಿರಲಿಲ್ಲ. ನಾವು ಗೊತ್ತಿದ್ದದ್ದನ್ನು ಗೊತ್ತಿದೆ ಅಂದೆವು, ಕೇಳಿದ ಮಾತನ್ನು ಕೇಳಿದ್ದು ಅಂದೆವು, ಸುಳ್ಳು ವಿಡಿಯೋಗಳು ಯಾವುವು ಅಂತ ಒಂದೊಂದಾಗಿ ಗುರುತು ಹೇಳಿದೆವು. ಹನ್ನೆರಡು ನಿಮಿಷಕ್ಕೆ ನಿಲ್ಲಿಸಿದೆವು. ಹೇಳಲು ಅಷ್ಟೇ ಇತ್ತು. ಅರ್ಧ ತಾಸು ತುಂಬಿಸಬೇಕೆಂದು ಎಳೆದಿದ್ದರೆ ಉಳಿದ ಹದಿನೆಂಟು ನಿಮಿಷ ಬರೀ ಹೆದರಿಕೆ ಹಂಚುತ್ತಿದ್ದೆವು.

ಆಮೇಲೆ ಆದದ್ದು ನಿಮಗೆ ಗೊತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ, ಸ್ಟಾಪ್‌ಲಾಗ್ ಎನ್ನುವ ಉಕ್ಕಿನ ತಡೆಗೋಡೆಯನ್ನು ತುಂಡು ತುಂಡಾಗಿ ಇಳಿಸಿದರು. ಆಗಸ್ಟ್ 16ರಂದು ಮೊದಲ ತುಂಡು ಕೂತಿತು, ವರಮಹಾಲಕ್ಷ್ಮಿ ಹಬ್ಬದ ದಿನ. ಒಟ್ಟು ಐದು ತುಂಡು. ಭತ್ತಕ್ಕೆ ನೀರು ಉಳಿಯಿತು. ಆ ಭಾನುವಾರ ತಮ್ಮ ಬಂದವನೇ ಅಕ್ಕಾರ ಕಾಲು ಮುಟ್ಟಿ, "ಈಗ ಡಬ್ಬಿ ತಗೀರಿ" ಅಂದ. ಎಂಟು ದಿನದ ಉಂಡಿ, ಎಳ್ಳು ಸ್ವಲ್ಪ ಗಟ್ಟಿಯಾಗಿತ್ತು. ಕಡಿಯುವ ಸದ್ದು ರೆಕಾರ್ಡಿಂಗಿನಲ್ಲಿ ಸ್ಪಷ್ಟ ಕೇಳಿಸುತ್ತದೆ. ನಮ್ಮ ಎಲ್ಲ ಕಂತುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದು.

ಆಕಾಶವಾಣಿ ಅನ್ನುವ ಹೆಸರೇ ನಮ್ಮ ಮೈಸೂರಿನಲ್ಲಿ ಹುಟ್ಟಿದ್ದು, ನಿಮಗೆ ಗೊತ್ತಿರಲಿ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿ ಎನ್ನುವ ಮೇಷ್ಟ್ರು, ಮನಃಶಾಸ್ತ್ರ ಕಲಿಸುತ್ತಿದ್ದವರು, ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಮನೆಯಿಂದ ಮಾತಾಡಿ ಊರಿಗೆ ಕೇಳಿಸುವುದರಲ್ಲಿ ನೀವು ಮೊದಲಿಗರಲ್ಲ. ನಿಮ್ಮ ಕೋಣೆ ಸಣ್ಣದು ಅಂತ ಸಂಕೋಚ ಬೇಡ.

ಕೊನೆಗೊಂದು ಬಾಕಿ ಇದೆ. ಪೆನ್ಸಿಲ್ ಡಬ್ಬಿಯ ಕಥೆಯನ್ನು ಇವತ್ತು ನಿಮ್ಮ ಮುಂದೆ ಹೇಳಬಹುದೇ ಅಂತ ಹೋದ ವಾರ ನೋಟ್‌ಬುಕ್ಕಿನಲ್ಲಿ ಬರೆದು ಮಗಳಿಗೆ ಕೊಟ್ಟಿದ್ದೆ. ಈಗ ಎಂಟನೇ ತರಗತಿಯಲ್ಲಿದ್ದಾಳೆ. ಎರಡು ದಿನ ಇಟ್ಟುಕೊಂಡಳು. ವಾಪಸ್ ಕೊಟ್ಟಾಗ ಹೂಂ ಅಂತ ಬರೆದು, ಅದರ ಕೆಳಗೆ ಒಂದು ತಿದ್ದುಪಡಿ ಹಾಕಿದ್ದಳು. ಅದನ್ನು ಓದಿ ಹೇಳಲೇಬೇಕು ಅನ್ನುವುದೇ ಅವಳ ಕರಾರು. ಅವಳು ಬರೆದದ್ದು ಹೀಗಿದೆ: "ನಾಲ್ಕು ದಿನ ಅಲ್ಲ, ಮೂರು ದಿನ. ನಾಲ್ಕನೇ ದಿನ ಸೋಮವಾರ, ರಾಜ್ಯೋತ್ಸವ ಇತ್ತು. ನಾನು ಊಟ ಮಾಡಿ ಸಾಲಿಗೆ ಹೋಗಿ ನಾಡಗೀತೆ ಹಾಡಿದ್ದೆ."